ಅಂಗಳದ ಕೆಂಪೆಲೆ ಗಿಡದಲ್ಲಿ ಕಡುಬು ಕಟ್ಟಬಹುದಾ?

ಪ್ರಶ್ನೆ: ನಮ್ಮ ಅಂಗಳದ ಅಂಚಿಗೆ ಅತ್ತೆಯವರ ಕಾಲದಿಂದ ಉದ್ದ ಕೆಂಪೆಲೆಯ ಗಿಡಗಳಿವೆ. ಕ್ರೋಟನ್ ಅಂತಲೇ ಕರೆಯುತ್ತೇವೆ. ಹವಾಯಿಗೆ ಹೋಗಿದ್ದ ಮಗಳು ಅದೇ ಗಿಡದ ಫೋಟೋ ಕಳಿಸಿ, "ಅಮ್ಮಾ, ಇಲ್ಲಿ ಇದರ ಎಲೆಯಲ್ಲಿ ಅಡುಗೆ ಮಾಡ್ತಾರೆ" ಅಂದಳು. ನಿಜವೇ? ನಾವೂ ಕಡುಬು ಕಟ್ಟಬಹುದೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಜ ಅಕ್ಕಾ. ಆದರೆ ಅದು ಕ್ರೋಟನ್ ಅಲ್ಲ. ನರ್ಸರಿಯವರು ಕಾರ್ಡಿಲೈನ್ ಅನ್ನುತ್ತಾರೆ, ಹವಾಯಿಯವರು 'ಕೀ' ಅಥವಾ 'ಟೀ' ಅನ್ನುತ್ತಾರೆ. ಕುಡಿಯುವ ಟೀಗೂ ಇದಕ್ಕೂ ನಂಟಿಲ್ಲ. ಡ್ರಸೀನಾ ಅನ್ನುವ ಇನ್ನೊಂದು ಅಂದದ ಗಿಡವೂ ನೋಡಲು ಹೀಗೇ ಇರುತ್ತದೆ. ಅನುಮಾನವಿದ್ದರೆ ಬುಡದ ಮಣ್ಣು ಸ್ವಲ್ಪ ಕೆದಕಿ ನೋಡಿ. ಬೇರು ಬೆಳ್ಳಗಿದ್ದರೆ ಕಾರ್ಡಿಲೈನ್, ಅರಿಶಿನ ಬಣ್ಣಕ್ಕಿದ್ದರೆ ಡ್ರಸೀನಾ.

ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳ ಜನ ಸುಮಾರು 800ರಿಂದ 1000 ವರ್ಷಗಳ ಹಿಂದೆ ದೋಣಿ ಹತ್ತಿ ಹವಾಯಿಗೆ ಬಂದಾಗ ಕೆಸು, ಬಾಳೆಯ ಜೊತೆ ಇದರ ಕಾಂಡದ ತುಂಡುಗಳನ್ನೂ ತಂದರು. ಸುಮ್ನೆ ಅಂದಕ್ಕಲ್ಲ. ಎಲೆಯಲ್ಲಿ ಚಪ್ಪಲಿ ಹೆಣೆದರು, ಮಳೆಗೆ ಹೊದಿಕೆ ಮಾಡಿದರು. ನಾಟಿ ಗದ್ದೆಯಲ್ಲಿ ನಮ್ಮವರು ಗೊರಬು ಹಾಕಿಕೊಳ್ಳುತ್ತಿದ್ದರಲ್ಲ, ಹಾಗೆ. ಉದ್ದ ಹಗ್ಗಕ್ಕೆ ಸಾಲಾಗಿ ಎಲೆ ಕಟ್ಟಿ ಸಮುದ್ರದಲ್ಲಿ ಎಳೆದರೆ ಮೀನು ಬೆದರಿ ಬಲೆಯ ಕಡೆ ಓಡುತ್ತಿತ್ತು. ಜ್ವರ ಬಂದವರ ಹಣೆಗೆ ತಣ್ಣೀರಲ್ಲಿ ಅದ್ದಿದ ಎಲೆ. ಕೆಟ್ಟದ್ದು ಒಳಗೆ ಬರಬಾರದು ಅಂತ ಮನೆ ಸುತ್ತ ಇದೇ ಗಿಡ.

ಅದೇ ಪಾಲಿನೇಷ್ಯಾದಲ್ಲಿ, ಟಹೀಟಿ ಕಡೆಯ ರಾಯಟಿಯಾ ದ್ವೀಪದಲ್ಲಿ ಕಾದ ಕಲ್ಲಿನ ಮೇಲೆ ನಡೆಯುವ ಆಚರಣೆಯಿದೆ. ನಮ್ಮ ಕಡೆ ಕೊಂಡ ಹಾಯುತ್ತಾರಲ್ಲ, ಅಂಥದ್ದೇ. ಮುಂದೆ ನಡೆಯುವ ಪೂಜಾರಿಯ ಕೈಯಲ್ಲಿ ಇದರ ಎಲೆ ಇರಲೇಬೇಕು. ಆ ಕಲ್ಲು ಕಾಯಿಸುವ ಗುಂಡಿಯ ಅಸಲಿ ಕೆಲಸ ಬೇರೆ. ಈ ಗಿಡದ ದಪ್ಪ ಬೇರನ್ನು ಅದರಲ್ಲಿ ಹೂತು ದಿನಗಟ್ಟಲೆ ಬೇಯಿಸುತ್ತಿದ್ದರು. ನಾರುನಾರಾದ ಬೇರು ಕಂದಾಗಿ, ಕಾಕಂಬಿಯ ಹಾಗೆ ಸಿಹಿಯಾಗುತ್ತಿತ್ತು. ಬರಗಾಲದಲ್ಲಿ ಅದೇ ಊಟ. ಮುಂದೆ ಹಡಗಿನವರು ಕಬ್ಬಿಣದ ಕಡಾಯಿ ತಂದ ಮೇಲೆ ಅದೇ ಬೇರಿನಿಂದ ಹವಾಯಿಯಲ್ಲಿ ಸಾರಾಯಿ ಇಳಿಸಿದರು. ಅದರ ಹೆಸರು 'ಓಕೋಲೆಹಾವೊ'. ಮರ್ಯಾದೆಯಾಗಿ ಹೇಳಿದರೆ 'ಕಬ್ಬಿಣದ ತಳ' ಅಂತ ಅರ್ಥ. ಅಲ್ಲಿನವರು ಅಷ್ಟು ಮರ್ಯಾದೆಯಾಗಿ ಹೇಳುವುದಿಲ್ಲ.

ಈಗ ಅಡುಗೆ. ಅಲ್ಲಿ 'ಲಾವ್‌ಲಾವ್' ಅಂತ ಮಾಡುತ್ತಾರೆ. ಹಂದಿ ಮಾಂಸವನ್ನು ಕೆಸುವಿನ ಎಲೆಯಲ್ಲಿ ಸುತ್ತಿ, ಹೊರಗೆ ಈ ಎಲೆ ಕಟ್ಟಿ ಹಬೆಯಲ್ಲಿ ಬೇಯಿಸುವುದು. ಕೆಸು ತಿನ್ನುತ್ತಾರೆ, ಹೊರಗಿನ ಎಲೆ ಬಿಸಾಡುತ್ತಾರೆ. ಪತ್ರೊಡೆಯೂ ಗೊತ್ತು, ಹಂದಿ ಸಾರೂ ಗೊತ್ತು ಅನ್ನುವ ನಮ್ಮವರಿಗೆ ಇದೇನು ಕಷ್ಟ?

ಹೋದ ಮಳೆಗಾಲದಲ್ಲಿ ಸಕಲೇಶಪುರದ ನಮ್ಮ ಮನೆಯಲ್ಲಿ ನಾನೂ ಒಂದು ಕೈ ನೋಡಿದೆ. ಹಸಿರೆಲೆಯ ಗಿಡ ಇತ್ತು, ಔಷಧಿ ಹೊಡೆದಿರಲಿಲ್ಲ. ಮೊದಲ ಎರಡು ಎಲೆ ಮಡಿಸುವಾಗಲೇ ಸೀಳಿದವು. ಅದರ ನಡುನರ ಬೆರಳಿನಷ್ಟು ಬಿರುಸು. ಎಲೆ ಬೋರಲು ಹಾಕಿ, ನರಕ್ಕೆ ಚಾಕುವಿನಲ್ಲಿ ಮೆಲ್ಲಗೆ ಗಾಯ ಮಾಡಿ, ತೊಟ್ಟಿನ ಕಡೆಗೆ ಎಳೆದರೆ ದಾರದ ಹಾಗೆ ಸುಲಿದು ಬರುತ್ತದೆ. ಆಮೇಲೆ ಬಾಳೆಎಲೆ ಬಾಡಿಸಿದ ಹಾಗೆ ಕೆಂಡಕ್ಕೆ ಹಿಡಿಯಿರಿ. ಎರಡು ಎಲೆ ಅಡ್ಡಡ್ಡ ಇಟ್ಟು, ನಡುವೆ ಅಕ್ಕಿ ಹಿಟ್ಟು, ಬೆಲ್ಲ ಕಾಯಿ. ಕಡುಬು ಚೆನ್ನಾಗಿಯೇ ಬೆಂದಿತು. ಆದರೆ ಅರಿಶಿನ ಎಲೆಯ ಘಮ ಎಲ್ಲಿಂದ ಬರಬೇಕು? ಹುಲ್ಲಿನ ವಾಸನೆ ಅಂತ ಯಜಮಾನರು ಮುಖ ಸಿಂಡರಿಸಿದರು. ನಾಲ್ಕು ತಿಂದ ಮೇಲೆ.

ನೀವು ಮಾಡುವುದಾದರೆ ಹಸಿರು ಜಾತಿಯ ಎಲೆಯೇ ಇರಲಿ. ನರ್ಸರಿಯಿಂದ ಈಗಷ್ಟೇ ತಂದ ಗಿಡದ್ದು ಬೇಡ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಎಲೆ ಕಡಿಯದ ಹಾಗೆ ನೋಡಿಕೊಳ್ಳಿ, ಅವಕ್ಕೆ ಆಗದು, ವಾಂತಿಯಾಗುತ್ತದೆ.

ಪ್ರಶ್ನೆ: ಕಾರ್ಡಿಲೈನ್ ಗಿಡದ ಎಲೆ ತುದಿ ಸುಟ್ಟ ಹಾಗೆ ಆಗುತ್ತಿದೆ. ಗೊಬ್ಬರ ಸಾಲದೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಗೊಬ್ಬರದ ಮೇಲೆ ಸಿಟ್ಟು ಬೇಡ. ಬಿಸಿಲು ಜಾಸ್ತಿಯಾದರೂ ಹಾಗೆ ಆಗುತ್ತದೆ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದ್ದರೂ ಆಗುತ್ತದೆ. ಕುಂಡವನ್ನು ನೆರಳಿಗೆ ಸರಿಸಿ. ಸೂರಿನ ನೀರು ಹಿಡಿದಿಟ್ಟು ಅದನ್ನೇ ಹಾಕಿ. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ, ಹೊಸ ಎಲೆ ನೋಡಿ ಹೇಳಿ.