ಲಾಂಗ್ ಬೆಲ್ ಇಲ್ಲದ ಶಾಲೆ: ಶಿಕ್ಷಕರ ಪ್ರಶ್ನೆಗಳಿಗೆ ಉತ್ತರ
ಜುಲೈ 2021, ಕೋವಿಡ್‌ನಿಂದ ಶಾಲೆ ಮುಚ್ಚಿದ್ದ ಕಾಲ

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರ್ ನಾನು. ಕಳೆದ ವರ್ಷ ವಿದ್ಯಾಗಮ (ಮಕ್ಕಳಿರುವ ಕಡೆಗೇ ಹೋಗಿ ಪಾಠ ಹೇಳುವ ಸರ್ಕಾರಿ ಕಾರ್ಯಕ್ರಮ), ಈಗ ಫೋನ್ ಪಾಠ, ನಡುವೆ ಮನೆಮನೆ ಸಮೀಕ್ಷೆ, ರೇಷನ್ ವಿತರಣೆ. 40 ಮಕ್ಕಳ ಹೋಮ್‌ವರ್ಕ್ ಫೋಟೊ ರಾತ್ರಿ 11ರವರೆಗೂ ಬರುತ್ತಲೇ ಇರುತ್ತವೆ. ಮೊಬೈಲ್ ಸದ್ದಾದರೆ ಎದೆ ಧಸಕ್ಕೆನ್ನುತ್ತದೆ. ಮಕ್ಕಳ ಮೇಲಿನ ಅಕ್ಕರೆಯೂ ಬತ್ತಿದಂತಿದೆ. ನಾನು ಕೆಟ್ಟ ಟೀಚರ್ ಆಗಿಬಿಟ್ಟೆನಾ?

ಉತ್ತರ: ಖಂಡಿತ ಇಲ್ಲ. ಇದಕ್ಕೆ ಬರ್ನ್‌ಔಟ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಎನ್ನದೆ, ಹತೋಟಿಗೆ ಬಾರದ ಕೆಲಸದ ಒತ್ತಡದ ಪರಿಣಾಮ ಎಂದು ಗುರುತಿಸಿದೆ. ಲಕ್ಷಣಗಳು ಮೂರು: ಮೈಮನಸ್ಸು ಬರಿದಾಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಏನು ಮಾಡಿದರೂ ಫಲವಿಲ್ಲ ಅನಿಸುವುದು. ಅಕ್ಕರೆ ಬತ್ತಿದ್ದು ಎರಡನೆಯದು. ಅದು ನಿಮ್ಮ ಗುಣವಲ್ಲ.

ಶಾಲೆಯಲ್ಲಿ ಸಂಜೆ ಲಾಂಗ್ ಬೆಲ್ ಹೊಡೆದರೆ ದಿನ ಮುಗಿಯುತ್ತಿತ್ತು. ಈಗ ಆ ಬೆಲ್ ಇಲ್ಲ, ನೀವೇ ಹೊಡೆಯಬೇಕು. ವಾಟ್ಸ್‌ಆ್ಯಪ್ ಗ್ರೂಪಿನ ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್ ಮಾತ್ರ ಸಂದೇಶ ಕಳಿಸುವಂತೆ ಮಾಡಿ. ಸಂಜೆ 6ರಿಂದ 7ರವರೆಗೆ ಮಾತ್ರ ಎಲ್ಲರಿಗೂ ತೆರೆಯಿರಿ, ಏಕೆಂದರೆ ಎಷ್ಟೋ ಮನೆಗಳಲ್ಲಿ ಅಪ್ಪ ಕೆಲಸದಿಂದ ಬಂದ ಮೇಲೇ ಮಗುವಿನ ಕೈಗೆ ಫೋನ್. ಬೆಳಿಗ್ಗೆ ಹತ್ತಕ್ಕೇ ಉತ್ತರ ಕೇಳಿದರೆ ಅದು ರಾತ್ರಿ ಹತ್ತಕ್ಕೇ ಬರುವುದು. ಈ ವೇಳೆಯನ್ನು ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿ. ಇಲ್ಲವಾದರೆ ಪೋಷಕರ ಒಂದು ದೂರಿಗೆ ಎಲ್ಲ ಹಳೆಯ ದಾರಿಗೇ ಮರಳುತ್ತದೆ.

ಇನ್ನು ಆ ಫೋಟೊಗಳು. ಮಗುವಿಗೆ 4 ಪುಟದಂತೆ 160 ಫೋಟೊ. ಒಂದಕ್ಕೆ ಒಂದು ನಿಮಿಷವೆಂದರೂ 2 ಗಂಟೆ 40 ನಿಮಿಷ. ದಿನಕ್ಕೆ 8 ಮಕ್ಕಳ ಪುಸ್ತಕವನ್ನಷ್ಟೇ ಪೂರ್ತಿ ನೋಡಿ, ಐದು ದಿನದಲ್ಲಿ ಎಲ್ಲರದೂ ಮುಗಿಯುತ್ತದೆ. ಉಳಿದವರಿಂದ ಒಂದೇ ಲೆಕ್ಕ ತರಿಸಿ, ಆದರೆ ತಪ್ಪು ಎಲ್ಲಿದೆ ಎಂದು ತೋರಿಸಿಕೊಡುವಂಥದ್ದು. 302ರಲ್ಲಿ 147 ಕಳೆದು 245 ಎಂದು ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಸೊನ್ನೆ ದಾಟಿ ಸಾಲ ತರುವುದು ಅದಕ್ಕೆ ತಿಳಿದಿಲ್ಲ. ಹಾಗೆ ಬರೆದವರಿಗೆಲ್ಲ ಎರಡು ನಿಮಿಷದ ಒಂದೇ ಧ್ವನಿ ಸಂದೇಶ ಸಾಕು. ಮರುದಿನ ಸರಿ ಉತ್ತರ 155 ಬಂದಾಗ, ಏನು ಮಾಡಿದರೂ ಫಲವಿಲ್ಲ ಎನ್ನುವ ಮೂರನೆಯ ಲಕ್ಷಣವೂ ತುಸು ಸಡಿಲವಾಗುತ್ತದೆ, ಅದಕ್ಕೇ ಇದನ್ನು ಇಷ್ಟು ಬಿಡಿಸಿ ಹೇಳಿದ್ದು. ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳಿಗೆ ರೇಷನ್ ಕೊಡುವ ದಿನವೇ ಅಭ್ಯಾಸ ಹಾಳೆ ಕೊಟ್ಟು, ವಾರಕ್ಕೊಮ್ಮೆ ಕೀಪ್ಯಾಡ್ ಫೋನಿಗೆ ಕರೆ ಮಾಡಿ.

ಪ್ರಶ್ನೆ: ಆನ್‌ಲೈನ್ ಕ್ಲಾಸ್ ಮುಗಿಯುವಷ್ಟರಲ್ಲಿ ಗಂಟಲು ಕಟ್ಟುತ್ತದೆ.

ಉತ್ತರ: ಎದುರಿಗೆ ಮುಖ ಕಾಣದಿದ್ದರೆ ದನಿ ತಾನಾಗಿ ಏರುತ್ತದೆ. ಮೈಕ್ ಇರುವ ಇಯರ್‌ಫೋನ್ ಹಾಕಿ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ಮೆಲ್ಲಗೆ ಮಾತಾಡಿ. ಹತ್ತು ನಿಮಿಷ ಪಾಠ, ಐದು ನಿಮಿಷ ಮಕ್ಕಳ ಬರವಣಿಗೆ; ಆಗ ಎರಡು ಗುಟುಕು ನೀರು. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಡಿ, ಧ್ವನಿತಂತುಗಳು ಇನ್ನಷ್ಟು ಬಳಲುತ್ತವೆ. ಮೂರು ವಾರವಾದರೂ ದನಿ ಒಡೆದೇ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಕೋವಿಡ್ ಎರಡನೇ ಅಲೆಯಲ್ಲಿ ಸಹೋದ್ಯೋಗಿಯೊಬ್ಬರು ತೀರಿಕೊಂಡರು. ಅವರ ತರಗತಿಯೂ ನನ್ನ ಪಾಲಿಗೆ ಬಂದಿದೆ. ನಿದ್ದೆಯಿಲ್ಲ, ಅಳುವೂ ಬರುತ್ತಿಲ್ಲ.

ಉತ್ತರ: ಹಾಜರಿ ಪಟ್ಟಿಯಲ್ಲಿ ಅವರ ಕೈಬರಹ ದಿನವೂ ಕಣ್ಣಿಗೆ ಬೀಳುತ್ತಿರುವಾಗ ನಿದ್ದೆ ಹೇಗೆ ಬಂದೀತು? ನಿಮ್ಮದು ಬರೀ ದಣಿವಲ್ಲ, ದುಃಖ. ಸಂತಾಪ ಸಭೆ ಆಗಿಲ್ಲದಿದ್ದರೆ ಅರ್ಧ ಗಂಟೆ ಎಲ್ಲರೂ ಕೂತು ಅವರ ಬಗ್ಗೆ ಮಾತಾಡಿ. ಹೆಚ್ಚುವರಿ ತರಗತಿ ಎಂದಿನವರೆಗೆ ಎಂದು ಮುಖ್ಯಸ್ಥರನ್ನು ಬರಹದಲ್ಲೇ ಕೇಳಿ, ವಾರದ ಅವಧಿಗಳ ಲೆಕ್ಕವನ್ನೂ ಜೊತೆಗಿಡಿ.

ಎರಡು ವಾರ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದು, ಊಟ ನಿದ್ದೆ ಕೆಟ್ಟಿದ್ದರೆ ವೈದ್ಯರನ್ನು ಕಾಣಿ. ನಿಮಗೂ ಕೋವಿಡ್ ಆಗಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಯೂ ಆಗಲಿ. ಸುಸ್ತಿಗೆ ಅಲ್ಲೂ ಕಾರಣ ಇರಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಸರ್ಕಾರದ ಈಗಿನ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416. ಬದುಕೇ ಬೇಡ ಎನಿಸಿದರೆ ಎರಡು ವಾರ ಕಾಯಬೇಡಿ, ಅದೇ ದಿನ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ.