ಓದುಗರ ಪ್ರಶ್ನೆ: ಎರಡು ಮಳೆ, ಒಂದು ಮಂಜು

ಪ್ರಶ್ನೆ: ಕೊರಿಯಾದ ಅಪರಾಧ ಚಿತ್ರಗಳನ್ನು ಈ ಮಳೆಗಾಲದಲ್ಲಿ ಒಂದೊಂದಾಗಿ ನೋಡುತ್ತಿದ್ದೇನೆ. ತಾವು ಇದೇ ಅಂಕಣದಲ್ಲಿ ಹಿಂದೊಮ್ಮೆ ಹೊಗಳಿದ್ದ ‘ನೋವೇರ್ ಟು ಹೈಡ್’ ನೋಡಿ ನಿರಾಶೆಯಾಯಿತು. ಮಳೆ, ಹಳದಿ ಎಲೆ, ನಿಧಾನಗತಿಯ ಹೊಡೆದಾಟ ಎಲ್ಲವೂ ಕಣ್ಣಿಗೆ ಹಬ್ಬವೇ ಸರಿ. ಕಥೆಯನ್ನು ಮಾತ್ರ ಅಂಚೆ ಕಾರ್ಡಿನಲ್ಲಿ ಬರೆದು ಮುಗಿಸಬಹುದು. ‘ಮೆಮೊರೀಸ್ ಆಫ್ ಮರ್ಡರ್’ನಲ್ಲಿ ಮಳೆಯೂ ಇದೆ, ಕಥೆಯೂ ಇದೆ. ದೃಶ್ಯಗಳು ಚೆಂದವಾಗಿದ್ದ ಮಾತ್ರಕ್ಕೆ ಅದು ಒಳ್ಳೆಯ ಸಿನಿಮಾ ಆಗುತ್ತದೆಯೇ?
(ಓದುಗರೊಬ್ಬರು, ಸಕಲೇಶಪುರ)

ಉತ್ತರ: ನಿಮ್ಮ ದೂರಿನ ಅರ್ಧಭಾಗವನ್ನು ಒಪ್ಪಿಕೊಂಡೇ ಆರಂಭಿಸುತ್ತೇನೆ. ಲೀ ಮ್ಯುಂಗ್-ಸೆ 1999ರಲ್ಲಿ ನಿರ್ದೇಶಿಸಿದ ಈ ಚಿತ್ರದ ಕಥೆಗೆ ಅಂಚೆ ಕಾರ್ಡು ಧಾರಾಳವಾಗಿ ಸಾಕು. ಮೆಟ್ಟಿಲುಗಳ ಮೇಲೆ ಒಂದು ಕೊಲೆ ನಡೆಯುತ್ತದೆ, ಪೊಲೀಸರು ಕೊಲೆಗಾರನ ಬೆನ್ನು ಹತ್ತುತ್ತಾರೆ, ಅವನು ತಪ್ಪಿಸಿಕೊಳ್ಳುತ್ತಲೇ ಹೋಗುತ್ತಾನೆ. ಕೊಂದವನು ಯಾರೆಂಬುದನ್ನು ಚಿತ್ರ ಮುಚ್ಚಿಡುವುದಿಲ್ಲ. ಏಕೆ ಕೊಂದನೆಂಬುದರಲ್ಲಿ ನಿರ್ದೇಶಕರಿಗೆ ಅಷ್ಟೇನೂ ಆಸಕ್ತಿಯೂ ಇಲ್ಲ.

ಆದರೆ ಘಟ್ಟ ಹತ್ತಿ ಬರುವ ಮೇಳಗಳ ಬಯಲಾಟವನ್ನು ನೀವೂ ನೋಡಿರುತ್ತೀರಿ. ಗದಾಯುದ್ಧದ ಕೊನೆಯಲ್ಲಿ ಕೌರವ ಬೀಳುತ್ತಾನೆಂಬುದು ಮಡಿಲಲ್ಲಿ ಮಲಗಿದ ಮಗುವಿಗೂ ತಿಳಿದಿರುತ್ತದೆ. ಆದರೂ ನಾವು ಬೆಳಗಿನ ಜಾವದ ಚಳಿಯಲ್ಲಿ ಕಂಬಳಿ ಹೊದ್ದು ಕೂರುವುದು, ಸರೋವರದಲ್ಲಿ ಅಡಗಿದ ಕೌರವ ಭೀಮನ ಮೂದಲಿಕೆ ಕೇಳಿ ಮೇಲೇಳುವ ಆ ಗಳಿಗೆ ಈ ಕಲಾವಿದನ ಮೈಯಲ್ಲಿ ಹೇಗೆ ಮೂಡುತ್ತದೆಂಬುದನ್ನು ನೋಡುವುದಕ್ಕಾಗಿ. ಪೊಲೀಸ್ ಕಳ್ಳನನ್ನು ಅಟ್ಟಿಸಿಕೊಂಡು ಹೋಗುವುದು ಸಿನಿಮಾ ನೋಡುವವರೆಲ್ಲರಿಗೂ ಬಾಯಿಪಾಠವಾಗಿರುವ ಪ್ರಸಂಗ. ಲೀ ಅದನ್ನು ಪ್ರಸಂಗವೆಂದೇ ಎತ್ತಿಕೊಂಡು, ಹೊಸದಾಗಿ ಕಟ್ಟಬೇಕಾದದ್ದು ಕುಣಿತವನ್ನೇ ಎಂದು ನಿರ್ಧರಿಸಿದಂತಿದೆ.

ಬುಸಾನ್ ನಗರದ ನಲವತ್ತು ಮೆಟ್ಟಿಲುಗಳ ದೃಶ್ಯವನ್ನೇ ನೋಡಿ. ಕೊರಿಯಾ ಯುದ್ಧದ ಕಾಲದಲ್ಲಿ ನಿರಾಶ್ರಿತರು ಬಂದು ಸೇರುತ್ತಿದ್ದ ಆ ಜಾಗದಲ್ಲಿ ಹಳದಿ ಎಲೆಗಳು ಉದುರುತ್ತವೆ, ಮಳೆ ಆರಂಭವಾಗುತ್ತದೆ, ಹಿನ್ನೆಲೆಯಲ್ಲಿ ಬೀ ಜೀಸ್ ತಂಡದ ‘ಹಾಲಿಡೇ’ ಹಾಡು ತೂಗುತ್ತಿರುವಾಗಲೇ ಒಂದು ಕೊಡೆ ಸೀಳಿ ಅದರ ಹಿಂದಿನ ಮುಖ ಕಾಣುತ್ತದೆ. ಮಾತಿಲ್ಲ, ಗಡಿಬಿಡಿಯಿಲ್ಲ. ಕೊಲ್ಲುವುದು ಈ ಮನುಷ್ಯನಿಗೆ ಕೋಪದ ಕೆಲಸವಲ್ಲ, ಕಸುಬು ಎಂಬುದು ನಮಗೆ ತಿಳಿಯುವುದು ಆ ಸಾವಧಾನದಿಂದಲೇ ಹೊರತು ಯಾವ ಸಂಭಾಷಣೆಯಿಂದಲೂ ಅಲ್ಲ. ಸಜ್ಜನ ಪಾತ್ರಗಳಿಂದ ಜನಪ್ರಿಯರಾದ ಆನ್ ಸುಂಗ್-ಕಿ ಇಲ್ಲಿ ಮಾತೇ ಆಡದವರಂತೆ ಇಡೀ ಚಿತ್ರವನ್ನು ದಾಟುತ್ತಾರೆ. ಅವರನ್ನು ಹುಡುಕುವ ಪತ್ತೇದಾರನಾದ ಪಾರ್ಕ್ ಜೂಂಗ್-ಹೂನ್ ಬೀದಿ ರೌಡಿಯಂತೆ ತೋಳು ಬೀಸಿ ನಡೆಯುತ್ತಾರೆ, ಶಂಕಿತರನ್ನು ಬಡಿಯುತ್ತಾರೆ. ಇಬ್ಬರಲ್ಲಿ ಯಾರು ಹೆಚ್ಚು ಸಭ್ಯರೆಂಬ ತಕರಾರನ್ನು ಚಿತ್ರ ಎತ್ತುವುದು ಅವರ ನಡಿಗೆಯ ಮೂಲಕ. ಕೊನೆಗೆ ಕಲ್ಲಿದ್ದಲು ಗಣಿಯ ಬಯಲಿನಲ್ಲಿ, ಸುರಿಯುವ ಮಳೆಯಲ್ಲಿ, ಇಬ್ಬರೂ ಕೆಸರಾಗಿ ಬಡಿದಾಡುವಾಗ ನನಗೆ ಕಂಡದ್ದು ವೀರಾವೇಶಕ್ಕಿಂತ ಮಿಗಿಲಾಗಿ ದಣಿವು. ಅಷ್ಟು ದಿನಗಳ ಓಡಾಟದ ದಣಿವನ್ನು ಮಾತಿನಲ್ಲಿ ಹೇಳಿಸಿದ್ದರೆ ಅದು ನಾಲ್ಕು ಸಾಲಿನಲ್ಲಿ ಸತ್ತುಹೋಗುತ್ತಿತ್ತು.

ಇನ್ನು ನಾನು ಒಪ್ಪದ ಭಾಗಗಳೂ ಇವೆ. ಚೋಯ್ ಜಿ-ವೂ ನಟಿಸಿದ ಕೊಲೆಗಾರನ ಗೆಳತಿಯ ಪಾತ್ರ ಅವನಿಗೆ ಒಡ್ಡಿದ ಗಾಳದ ಎರೆಯಾಗಿ ಉಳಿದುಬಿಡುತ್ತದೆ. ನಡುಭಾಗದಲ್ಲಿ ಚಿತ್ರಿಕೆ (ಶಾಟ್) ಹಠಾತ್ತಾಗಿ ಸ್ತಬ್ಧವಾಗುವುದು, ವೇಗ ಏರಿಳಿಯುವುದು ಮೊದಮೊದಲು ಚುರುಕಾಗಿ ಕಂಡರೂ, ಅದೇ ತಂತ್ರ ಮರುಕಳಿಸುತ್ತಾ ಹೋದಂತೆ, ವೇಷದವರು ದಣಿದ ಮೇಲೂ ಚೆಂಡೆ ನಿಲ್ಲಿಸದ ಭಾಗವತಿಕೆಯ ಹಾಗೆ ಕೇಳುತ್ತದೆ. ಅಲ್ಲಿ ನಿಮಗೆ ಬೇಸರವಾಗಿದ್ದರೆ ತಪ್ಪು ನಿಮ್ಮದಲ್ಲ.

ಈಗ ನಿಮ್ಮ ಇನ್ನೊಂದು ಮಳೆಗೆ ಬರೋಣ. ಬಾಂಗ್ ಜೂನ್-ಹೋ ಅವರ 2003ರ ‘ಮೆಮೊರೀಸ್ ಆಫ್ ಮರ್ಡರ್’ನಲ್ಲಿ ಮಳೆ ಪ್ರಕರಣದ ಒಳಗೇ ಸೇರಿಕೊಂಡಿದೆ. ಕೊಲೆಗಳು ನಡೆಯುವುದು ಮಳೆಯ ರಾತ್ರಿಗಳಲ್ಲಿ. ಗುರುತುಗಳನ್ನು ತೊಳೆದುಬಿಡುವುದೂ ಅದೇ ಮಳೆ. ಹೀಗಾಗಿ ಅದು ಆರೋಪಿಯ ಕಡೆಯ ಸಾಕ್ಷಿಯಂತೆ ಕೆಲಸ ಮಾಡುತ್ತದೆ, ಮೋಡ ಕವಿದರೆ ಸಾಕು ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಲೀ ಅವರ ಮಳೆಗೆ ಅಂಥ ಹೊಣೆಯಿಲ್ಲ, ಅದು ಲಯಕ್ಕಾಗಿ ಸುರಿಯುತ್ತದೆ. ಪುಷ್ಯ ಮಳೆಗೂ ಸ್ವಾತಿ ಮಳೆಗೂ ವ್ಯತ್ಯಾಸ ಬಲ್ಲ ಸಕಲೇಶಪುರದವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಬಾಂಗ್ ಅವರ ಚಿತ್ರದಲ್ಲಿ ಶೈಲಿ ಕಡಿಮೆ, ಕಥೆ ಹೆಚ್ಚು ಎಂಬ ನಿಮ್ಮ ಲೆಕ್ಕ ಸರಿಯಲ್ಲ. ಗದ್ದೆಯಲ್ಲಿ ಹೆಣ ಸಿಕ್ಕ ಸ್ಥಳಕ್ಕೆ ಪೊಲೀಸರು ಬಂದಾಗ, ಒಂದೇ ಸುದೀರ್ಘ ಚಿತ್ರಿಕೆಯಲ್ಲಿ ಜನ ನುಗ್ಗುತ್ತಾರೆ, ಅಧಿಕಾರಿಗಳು ಏರಿಯ ಮೇಲಿಂದ ಜಾರಿ ಬೀಳುತ್ತಾರೆ, ಸಿಕ್ಕಿದ್ದ ಒಂದೇ ಒಂದು ಹೆಜ್ಜೆಗುರುತಿನ ಮೇಲೆ ಟ್ರ್ಯಾಕ್ಟರ್ ಹಾದುಹೋಗುತ್ತದೆ. ಆ ತನಿಖೆ ಏಕೆ ಸೋಲುತ್ತದೆಂಬುದನ್ನು ಅಲ್ಲೇ, ಒಂದೇ ಒಂದು ಕತ್ತರಿಯೂ ಆಡದಂತೆ, ಹೇಳಿಯಾಗಿದೆ. ಅದು ಶೈಲಿಯಲ್ಲದೆ ಮತ್ತೇನು? ಎದ್ದು ಕಾಣದಿರುವುದರಿಂದ ನಾವು ಅದನ್ನು ಕಥೆಯ ಖಾತೆಗೆ ಜಮೆ ಮಾಡಿಬಿಡುತ್ತೇವೆ. ಅಷ್ಟೇ ಅಲ್ಲ, ನೀವು ಕಥೆಗಾಗಿ ಮೆಚ್ಚಿದ ಆ ಚಿತ್ರಕ್ಕೆ ಕಥೆಯ ಅಂತ್ಯವೇ ಇಲ್ಲ. ಹ್ವಾಸೊಂಗ್ ಪ್ರದೇಶದಲ್ಲಿ 1986ರಿಂದ 1991ರವರೆಗೆ ನಡೆದ ಕೊಲೆಗಳನ್ನು ಆಧರಿಸಿದ ಆ ಚಿತ್ರ ತೆರೆಗೆ ಬಂದಾಗ ಅಪರಾಧಿ ಸಿಕ್ಕಿರಲಿಲ್ಲ. ಡಿಎನ್‌ಎ ಪರೀಕ್ಷೆಯ ನೆರವಿನಿಂದ ಅವನು ಯಾರೆಂದು ತಿಳಿದದ್ದು 2019ರಲ್ಲಿ. ಅಂತ್ಯವಿಲ್ಲದ ಆ ಕಥೆಯನ್ನು ನಿಲ್ಲಿಸುವುದು ನೇರವಾಗಿ ನಮ್ಮ ಕಡೆಗೆ ತಿರುಗುವ, ಪತ್ತೇದಾರನ ಪಾತ್ರದ ಸಾಂಗ್ ಕಾಂಗ್-ಹೋ ಅವರ ಮುಖ, ಅಂದರೆ ಒಂದು ಚಿತ್ರಿಕೆ.

ಪ್ರಶ್ನೆ: ನಾನು ಮತ್ತು ಗೆಳೆಯರು ಮುಳ್ಳಯ್ಯನಗಿರಿಯ ಮಂಜಿನಲ್ಲಿ ಹದಿನೈದು ನಿಮಿಷದ ಕೊಲೆ ರಹಸ್ಯದ ಕಿರುಚಿತ್ರ ತೆಗೆದಿದ್ದೇವೆ. ಸ್ಫೂರ್ತಿ ‘ಡಿಸಿಶನ್ ಟು ಲೀವ್’. ನೋಡಿದವರೆಲ್ಲ ಮಂಜನ್ನು ಮೆಚ್ಚಿದರು, ಕಥೆ ಮುಂದೆ ಹೋಗುವುದಿಲ್ಲವೆಂದರು. ಎಲ್ಲಿ ತಪ್ಪಿದೆವು?
(ವಿದ್ಯಾರ್ಥಿ, ಚಿಕ್ಕಮಗಳೂರು)

ಉತ್ತರ: ಚಿತ್ರ ನೋಡದೆ ತೀರ್ಪು ಹೇಳಲಾರೆ, ಆದರೆ ಅನುಮಾನವೊಂದಿದೆ. ಪಾರ್ಕ್ ಚಾನ್-ವೂಕ್ ಅವರಿಗೆ 2022ರ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ತಂದುಕೊಟ್ಟ ಆ ಚಿತ್ರದಲ್ಲಿ ಮಂಜು ಬರುವುದು ದ್ವಿತೀಯಾರ್ಧದಲ್ಲಿ, ಇಪೊ ಎಂಬ ಊರಿನಲ್ಲಿ. ಅಷ್ಟರೊಳಗೆ ನಾವು ನಿದ್ದೆ ಬಾರದ ಒಬ್ಬ ಪತ್ತೇದಾರನನ್ನು ಕಂಡಿರುತ್ತೇವೆ. ಅವನು ಸ್ಪಷ್ಟವಾಗಿ ನೋಡುವ ಹಂಬಲದಿಂದ ಮತ್ತೆ ಮತ್ತೆ ಕಣ್ಣಿಗೆ ಔಷಧಿಯ ಹನಿ ಹಾಕಿಕೊಳ್ಳುತ್ತಾನೆ. ಅವನು ಶಂಕಿಸಿ ಮೋಹಿಸಿದ ಹೆಂಗಸಿನ ಉಡುಪು ಒಬ್ಬರಿಗೆ ನೀಲಿ, ಇನ್ನೊಬ್ಬರಿಗೆ ಹಸಿರು. ನೋಡುವುದೇ ಕಷ್ಟವಾದ ಕಥೆಯೊಂದು ಮೊದಲೇ ಸಿದ್ಧವಾಗಿದ್ದರಿಂದ ಮಂಜು ಬಂದಾಗ ಅದಕ್ಕೆ ಮಾಡಲು ಕೆಲಸವಿತ್ತು. (ಕೊನೆಯನ್ನು ಹೇಳುವುದಿಲ್ಲ, ನೋಡದವರು ನೋಡಲಿ.)

ನಿಮ್ಮ ಮಂಜು ಯಾರಿಗೆ ಅಡ್ಡ ಬರುತ್ತದೆ? ಚಾರ್ಮಾಡಿ ಘಾಟಿಯಲ್ಲಿ ಮಂಜು ಕವಿದಾಗ ಲಾರಿಯವರು ಒಂದೊಂದು ತಿರುವಿನಲ್ಲೂ ಹಾರ್ನ್ ಹೊಡೆಯುತ್ತಾ, ಎದುರಿನ ಬೆಳಕು ಬಸ್ಸಿನದೋ ಬೈಕಿನದೋ ಎಂದು ಊಹಿಸುತ್ತಾ ಇಳಿಯುತ್ತಾರೆ. ಅವರಿಗೆ ಅದು ಸೌಂದರ್ಯವಲ್ಲ. ನಿಮ್ಮ ಸಾಕ್ಷಿ ಅಂಥ ತಿರುವಿನಲ್ಲಿ ನಿಂತು, ಹಾದುಹೋದ ಬೈಕೊಂದನ್ನು ಕಂಡನೆಂದಿಟ್ಟುಕೊಳ್ಳಿ. ಅದು ಕೆಂಪೋ ಕಪ್ಪೋ ಎಂಬ ಗೊಂದಲವೇ ನಿಮ್ಮ ಹದಿನೈದು ನಿಮಿಷಗಳಲ್ಲಿ ಏಳೆಂಟನ್ನು ಎಳೆದುಕೊಂಡು ಹೋಗಬಲ್ಲುದು. ಡ್ರೋನ್‌ನಿಂದ ತೆಗೆದ ಬೆಟ್ಟದ ಸಾಲುಗಳನ್ನು, ಹೊಟ್ಟೆ ಉರಿದರೂ, ಕತ್ತರಿಸಿಬಿಡಿ.

ಪ್ರಶ್ನೆ: ಈ ಚಿತ್ರಗಳನ್ನು ಮೊಬೈಲಿನಲ್ಲಿ ಸಬ್‌ಟೈಟಲ್ ಓದುತ್ತಾ ನೋಡಿದರೆ ದೃಶ್ಯಶೈಲಿ ತಿಳಿಯುತ್ತದೆಯೇ?
(ಓದುಗರೊಬ್ಬರು, ಹಾಸನ)

ಉತ್ತರ: ಅರ್ಧ ಮಾತ್ರ. ಓದುವ ಕಣ್ಣು ಪರದೆಯ ಕೆಳತುದಿಗೆ ಇಳಿದಿರುತ್ತದೆ. ನಟರ ಮುಖ, ಹಿನ್ನೆಲೆಯ ಬಾಗಿಲು, ಗೋಡೆಯ ಮೇಲಿನ ನೆರಳು ಆಗ ಕೈತಪ್ಪಿ ಹೋಗುತ್ತವೆ. ಅಂಥ ವೀಕ್ಷಕರಿಗೆ ಉಳಿಯುವುದು ಕಥೆಯ ಸಾರಾಂಶವಷ್ಟೆ, ‘ಕಥೆಯೇ ಇಲ್ಲ’ ಎಂಬ ದೂರಿನಲ್ಲಿ ಇದರ ಪಾಲೂ ಇದ್ದೀತು. ಮೊದಲ ಸಲ ಓದಿಕೊಂಡು ನೋಡಿ, ಎರಡನೆಯ ಸಲ ಸಬ್‌ಟೈಟಲ್ ತೆಗೆದುಹಾಕಿ, ಮನೆಯ ಟಿವಿಗೆ ಜೋಡಿಸಿ ನೋಡಿ. ನಲವತ್ತು ಮೆಟ್ಟಿಲುಗಳ ಆ ದೃಶ್ಯಕ್ಕಂತೂ ಓದುವ ಅಗತ್ಯವೇ ಇಲ್ಲ; ಅಲ್ಲಿಂದ ಆರಂಭಿಸಬಹುದು.