ಅಮ್ಮನನ್ನು ಹಾಜಿ ಅಲಿಗೆ ಕರೆದುಕೊಂಡು ಹೋಗಿ

ಕಲಬುರಗಿಯ ಓದುಗರೊಬ್ಬರು ಬರೆದಿದ್ದಾರೆ: "ಅಮ್ಮನ ಜೊತೆ ಮುಂಬೈಗೆ ಹೊರಟಿದ್ದೇನೆ. ಅವಳಿಗೆ ಹಾಜಿ ಅಲಿ ದರ್ಗಾ ನೋಡುವ ಆಸೆ. ಅಲ್ಲಿ ಹೆಂಗಸರನ್ನು ಒಳಗೆ ಬಿಡಲ್ಲ ಅಂತಾರೆ, ನಿಜವಾ? ಅವಳಿಗೆ ಮಂಡಿನೋವು ಬೇರೆ. ಯಾವಾಗ ಹೋದರೆ ಒಳ್ಳೆಯದು?"

ಪ್ರೀತಿಯ ಸಹೋದರಿ,

ಬಿಡ್ತಾರೆ. ಧೈರ್ಯವಾಗಿ ಕರೆದುಕೊಂಡು ಹೋಗಿ.

ನೀವು ಕೇಳಿದ್ದು ಸುಳ್ಳಲ್ಲ, ಹಳೆಯ ಮಾತು. ಮೊದಲು ಅಲ್ಲಿ ಹೆಂಗಸರು ಮಜಾರ್, ಅಂದರೆ ಸಂತರ ಗೋರಿಯ ತನಕ ಹೋಗುತ್ತಿದ್ದರು. 2012ರ ಹೊತ್ತಿಗೆ ಅದನ್ನು ನಿಲ್ಲಿಸಿದ್ದರು. ಭಾರತೀಯ ಮುಸ್ಲಿಂ ಮಹಿಳಾ ಆಂದೋಲನದ ನೂರ್‌ಜಹಾನ್ ಸಫಿಯಾ ನಿಯಾಜ್ ಮತ್ತು ಝಾಕಿಯಾ ಸೋಮನ್ ಕೋರ್ಟಿಗೆ ಹೋದರು. 2016ರ ಆಗಸ್ಟ್ 26ರಂದು ಬಾಂಬೆ ಹೈಕೋರ್ಟ್ ಆ ನಿಷೇಧ ತಪ್ಪು ಎಂದಿತು. ಅದೇ ವರ್ಷ ನವೆಂಬರ್ ಕೊನೆಗೆ ಹೆಂಗಸರು ಮತ್ತೆ ಒಳಗೆ ಕಾಲಿಟ್ಟರು.

ಈ ವಿಷಯ ನನ್ನನ್ನು ಜಾಸ್ತಿ ಕಾಡಿದ್ದಕ್ಕೆ ಕಾರಣ ಅಲ್ಲಿ ಹೇಳುವ ಕತೆ. ಈ ದರ್ಗಾದ ಸಂತರು ಪೀರ್ ಹಾಜಿ ಅಲಿ ಶಾ ಬುಖಾರಿ, ಮಧ್ಯ ಏಷ್ಯಾದ ಬುಖಾರಾದಿಂದ ಬಂದವರು. ಒಮ್ಮೆ ದಾರಿಯಲ್ಲಿ ಒಬ್ಬ ಬಡ ಹೆಂಗಸು ಖಾಲಿ ಪಾತ್ರೆ ಹಿಡಿದು ಅಳುತ್ತಿದ್ದಳಂತೆ. ಎಣ್ಣೆ ಚೆಲ್ಲಿಹೋಗಿತ್ತು, ಮನೆಗೆ ಹೋದರೆ ಗಂಡ ಹೊಡೀತಾನೆ ಅನ್ನೋ ಭಯ. ಪೀರ್ ನೆಲಕ್ಕೆ ಬೆರಳು ಚುಚ್ಚಿದರು, ಎಣ್ಣೆ ಉಕ್ಕಿತು, ಪಾತ್ರೆ ತುಂಬಿತು. ಆಮೇಲೆ ಅವರಿಗೇ ಸಂಕಟ: ಭೂಮಿಗೆ ನೋವು ಮಾಡಿಬಿಟ್ಟೆನಲ್ಲ ಅಂತ. ಅದೇ ಕೊರಗಿನಲ್ಲಿ ಹಾಸಿಗೆ ಹಿಡಿದರು. ತನ್ನ ಶವಪೆಟ್ಟಿಗೆಯನ್ನು ಸಮುದ್ರಕ್ಕೆ ಬಿಡಿ ಅಂದಿದ್ದರಂತೆ. ಅದು ತೇಲಿಬಂದು ವರ್ಲಿಯ ಈ ಬಂಡೆಗೆ ತಗುಲಿತು ಅಂತ ಜನ ನಂಬುತ್ತಾರೆ. ಒಬ್ಬ ಹೆಂಗಸಿನ ಕಣ್ಣೀರು ಒರೆಸಿದವರ ಗೋರಿಯ ಬಳಿಯಿಂದ ಹೆಂಗಸರನ್ನೇ ದೂರ ಇಟ್ಟಿದ್ದರು. ಅದು ಸರಿಹೋಯಿತಲ್ಲ, ನನಗೆ ಸಮಾಧಾನ.

ದರ್ಗಾ ಕಟ್ಟಿದ್ದು 1431ರಲ್ಲಿ. ನಿಮ್ಮೂರಿನ ಸೂಫಿ ಸಂತ ಬಂದೇನವಾಜರು ತೀರಿಕೊಂಡು ಆಗಿನ್ನೂ ಒಂಬತ್ತು ವರ್ಷ. ಬಂದೇನವಾಜರ ಉರುಸಿಗೆ ಎಲ್ಲ ಜಾತಿಯವರೂ ಹೋಗ್ತಾರಲ್ವಾ, ಇಲ್ಲೂ ಹಾಗೇ. ತಲೆ ಮೇಲೆ ಸೆರಗು ಇರಲಿ, ಚಪ್ಪಲಿ ಹೊರಗೆ ಬಿಡಿ, ಅಷ್ಟೆ.

ಈಗ ಹೊತ್ತಿನ ಮಾತು. ದರ್ಗಾ ಇರುವುದು ದಡದಿಂದ ಸುಮಾರು 500 ಮೀಟರ್ ದೂರ, ಸಮುದ್ರದೊಳಗೆ. ನಡುವೆ ತಗ್ಗಾದ ಕಾಲುದಾರಿ. ದೊಡ್ಡ ಉಬ್ಬರ ಬಂದರೆ ದಾರಿಯ ಮೇಲೆ ನೀರು. ನಾನು ಮೊದಲ ಸಲ ಹೋದದ್ದು ಹುಣ್ಣಿಮೆಯ ದಿನ, ನಡುಮಧ್ಯಾಹ್ನ. ದಾರಿಯೇ ಕಾಣಲಿಲ್ಲ. ಬಿಳಿ ಗುಮ್ಮಟ, ಮಿನಾರು ನೀರಿನ ಮೇಲೆ ಸುಮ್ನೆ ನಿಂತಿದ್ದವು. ಗುಲಾಬಿ ಹೂವಿನ ತಟ್ಟೆ ಹಿಡಿದು ದಡದಲ್ಲಿ ಕೂತೆ. ಮೂರು ಗಂಟೆ ದಾಟಿದ ಮೇಲೆ ಮೊದಲು ಒಂದು ಕಲ್ಲಂಚು ಕಂಡಿತು, ಆಮೇಲೆ ಇನ್ನೊಂದು. ಅಷ್ಟರಲ್ಲಿ ತಟ್ಟೆಯ ಹೂವು ಬಾಡಿತ್ತು. ನೀರಿಳಿದ ಕಲ್ಲು ಎಷ್ಟು ಜಾರುತ್ತದೆ ಅಂತ ಅವತ್ತು ಗೊತ್ತಾಯಿತು. ಮಂಡಿನೋವಿನವರಿಗೆ ಅದು ಬೇಡವೇ ಬೇಡ.

ಮುಂಬೈ ಕಡಲಿನ ಲೆಕ್ಕ ಇಷ್ಟು: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ಜೋರು, ಅದೂ ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಹೋಗುತ್ತದೆ. ಅಷ್ಟಮಿ, ನವಮಿಯ ಹೊತ್ತಿಗೆ ಉಬ್ಬರ ಸಣ್ಣದು, ನೀರು ಇಳಿಯುವುದು ಮಧ್ಯಾಹ್ನದ ಕಡೆ. ಅಮ್ಮನಿಗೆ ಆ ದಿನಗಳೇ ಒಳ್ಳೆಯದು. ಹೊರಡುವ ಮುನ್ನ ಆ ದಿನದ ಉಬ್ಬರದ ವೇಳೆ ಒಮ್ಮೆ ನೋಡಿಕೊಳ್ಳಿ. ಗುರುವಾರ, ಶುಕ್ರವಾರ ಬಿಟ್ಟುಬಿಡಿ, ಕಾಲಿಡಲು ಜಾಗ ಇರುವುದಿಲ್ಲ. ಮಳೆಗಾಲವೂ ಬೇಡ. ದಾರಿಯಲ್ಲಿ ಅಂಚಿಗೆ ಹೋಗದೆ ನಡುವೆ ನಡೆಸಿ, ಕೈ ಹಿಡಿದುಕೊಳ್ಳಿ.

ಟಿಕೆಟ್ ಮಾಡಿಸುವ ಮೊದಲು ಅಷ್ಟಮಿ ಯಾವತ್ತು ಬರುತ್ತೆ ಅಂತ ಅಮ್ಮನನ್ನೇ ಕೇಳಿ. ಅವರು ಕ್ಯಾಲೆಂಡರ್ ನೋಡದೆ ಹೇಳಿಬಿಡುತ್ತಾರೆ.

– ಸಂಪಾದಕ